ಭಾವನ ಅಗ್ಗಿಷ್ಟಿಕೆ

ರೋಹಿಣಿ ಕಾರ್ತೆ ಹಿಡಿದು ನಾಲ್ಕನೆಯ ದಿನ ವಿಜಯವಾಡದಿಂದ ಭಾವ ಫೋನು ಮಾಡಿದರು. “ಎರಡು ದಿನ ರಜೆ ಹಾಕಿ ಬಾರಯ್ಯ. ಬೆಂಕಿ ಕಾಯಿಸೋಣ.”

ಆ ಕಾರ್ತೆಯಲ್ಲಿ ಒರಳುಕಲ್ಲೇ ಬಿರಿಯುತ್ತದೆ ಅನ್ನುವುದು ತೆಲುಗರ ಮಾತು. ಬೆಜವಾಡಕ್ಕೆ, ಅಂದರೆ ವಿಜಯವಾಡಕ್ಕೆ, ಬ್ಲೇಜ್‌ವಾಡ ಅಂತ ಹೆಸರಿಟ್ಟವರು ಯಾರೋ, ಮೇ ತಿಂಗಳ ಮಧ್ಯಾಹ್ನ ಇಂದ್ರಕೀಲಾದ್ರಿಯ ಮೆಟ್ಟಿಲ ಮೇಲೆ ಬರಿಗಾಲು ಇಟ್ಟವರೇ ಇರಬೇಕು. ಭಾವನಿಗೆ ವಡದೆಬ್ಬ, ಅಂದರೆ ಬಿಸಿಲಿನ ಹೊಡೆತ, ಬಡಿದಿದೆ ಅಂದುಕೊಂಡು ನಾನು ಗ್ಲೂಕೋಸ್ ಪೊಟ್ಟಣ ಚೀಲಕ್ಕೆ ಹಾಕಿಕೊಂಡು ವಿಶಾಖಪಟ್ಟಣದಲ್ಲಿ ರತ್ನಾಚಲ್ ಹತ್ತಿದೆ. ಬಾಗಿಲು ತೆಗೆದ ಅಕ್ಕ ಏನೂ ಮಾತಾಡಲಿಲ್ಲ. ನಡುಮನೆಯ ಕಡೆ ಗದ್ದ ತಿರುಗಿಸಿ ಒಳಗೆ ಹೋದಳು.

ಕಿಟಕಿ ಮುಚ್ಚಿ, ಪರದೆ ಎಳೆದು, ಏಸಿಯನ್ನು ಹದಿನೆಂಟಕ್ಕೆ ಇಟ್ಟು, ಶಾಲು ಹೊದ್ದು ಭಾವ ಕೂತಿದ್ದರು. ಎದುರಿಗೆ ಬೆಂಕಿ. ಕಪ್ಪು ಕೊರಡುಗಳು, ಬುಡದಲ್ಲಿ ಕೆಂಡ, ಮೇಲೆ ನಾಲಗೆ ಚಾಚುವ ಜ್ವಾಲೆ, ಎಲ್ಲವೂ ಸಾಕ್ಷಾತ್ ಬೆಂಕಿಯ ಹಾಗೇ. ಹೊಗೆ ಇಲ್ಲ, ಚಿಟಪಟ ಇಲ್ಲ. ಪಕ್ಕದಲ್ಲಿ ಒಂದು ಕಬ್ಬಿಣದ ಡಬ್ಬ ಮಾತ್ರ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತಿತ್ತು.

“ಎಲೆಕ್ಟ್ರಿಕ್ ಫೈರ್‌ಪ್ಲೇಸ್,” ಅಂದರು ಭಾವ, ಮೊಮ್ಮಗುವಿನ ಹೆಸರು ಹೇಳುವ ಧ್ವನಿಯಲ್ಲಿ. “ಈಗ ಬರೀ ಜ್ವಾಲೆ. ಇರು, ಶಾಖಾನೂ ತೋರಿಸ್ತೀನಿ.”

ತೋರಿಸಿಯೇಬಿಟ್ಟರು. ಒಂದು ಗೋಡೆಯಲ್ಲಿ ಒಂದೂವರೆ ಟನ್ನಿನ ಏಸಿ, ಎದುರು ಗೋಡೆಯಲ್ಲಿ ಒಂದೂವರೆ ಸಾವಿರ ವ್ಯಾಟಿನ ಬೆಂಕಿ. ಎರಡೂ ತಿನ್ನುವ ಕರೆಂಟು ಹೆಚ್ಚುಕಡಿಮೆ ಒಂದೇ. ಐದು ನಿಮಿಷದಲ್ಲಿ ನನ್ನ ಬೆನ್ನು ನಡುಗುತ್ತಿತ್ತು, ಹೊಟ್ಟೆ ಬೆವರುತ್ತಿತ್ತು. ಅಕ್ಕ ಒಳಗಿನಿಂದಲೇ, “ಮೀಟರ್ ನೋಡ್ಕೊಂಡು ಬಾರೋ, ಬುಗುರಿ ಹಾಗೆ ತಿರುಗ್ತಿರುತ್ತೆ” ಅಂತ ಕೂಗಿದಳು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳು ಹೋಗಿಬರುವ ನಿವೃತ್ತ ಅಪ್ಪಂದಿರನ್ನು ನೀವೂ ನೋಡಿದ್ದೀರಿ. ಹೋಗುವಾಗ ಮೆಂತ್ಯದ ಹಿಟ್ಟು, ಚಟ್ನಿಪುಡಿ ಒಯ್ಯುತ್ತಾರೆ; ಬರುವಾಗ ಅಲ್ಲಿಯ ಹವೆ ತರುತ್ತಾರೆ. ಮೊದಲ ಮೂರು ತಿಂಗಳು “ಅಲ್ಲಿ ಯಾರೂ ಹಾರ್ನೇ ಹೊಡೆಯಲ್ಲ”. ನಾಲ್ಕನೆಯ ತಿಂಗಳಿಂದ “ಅಲ್ಲಿ ಬದನೆಕಾಯಿಗೆ ರುಚಿಯೇ ಇಲ್ಲ”. ಆಮೇಲೆ ಬೇನೆ ತಾನಾಗಿ ಇಳಿಯುತ್ತದೆ. ನಮ್ಮ ಭಾವನದು ಇಳಿಯಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ವಿಜಯವಾಡ, ವಿಶಾಖಪಟ್ಟಣಗಳ ನಡುವೆ ವರ್ಗವಾಗಿ, ಎರಡೂ ಊರಲ್ಲಿ ಒಂದೊಂದು ಫ್ಲಾಟು ಮಾಡಿ, ಎರಡೂ ಊರಿನ ಬೆವರನ್ನು ಮನಸಾರೆ ಸುರಿಸಿದ ಮನುಷ್ಯ. ಅರವತ್ತೆರಡನೆಯ ವಯಸ್ಸಿನಲ್ಲಿ ಚಳಿಯ ಮೇಲೆ ಮನಸ್ಸಾಯಿತು.

ಮಗ ಇರುವುದು ಮಿನೆಸೋಟದಲ್ಲಿ, ಪಟ್ಟಣದಿಂದ ಆಚೆ, ಜೋಳದ ಹೊಲಗಳ ಮಧ್ಯೆ. ಪೈಪಿನ ಗ್ಯಾಸು ಅಷ್ಟು ದೂರ ಬರುವುದಿಲ್ಲ. ಅಂಗಳದಲ್ಲಿ ಬಿಳಿ ಎಮ್ಮೆ ಮಲಗಿದ ಹಾಗೆ ಪ್ರೊಪೇನ್ ಟ್ಯಾಂಕು. ಲಾರಿ ಬಂದು ತುಂಬಿಸಿ ಹೋಗಬೇಕು. ಹೊರಗೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗೆ. ಇಡೀ ಮನೆಯನ್ನು ಅದರಲ್ಲೇ ಬೆಚ್ಚಗಿಡಲು ಹೋದರೆ ಟ್ಯಾಂಕು ಶಿವರಾತ್ರಿಗೆ ಮುಂಚೆಯೇ ಬರಿದು. ಅದಕ್ಕೆ ಅಲ್ಲಿಯ ಹಳ್ಳಿಗರು ಥರ್ಮೊಸ್ಟಾಟನ್ನು ಇಳಿಸಿ, ಎಲ್ಲರೂ ಕೂರುವ ಕೋಣೆಗೆ ಮಾತ್ರ ಒಂದು ಎಲೆಕ್ಟ್ರಿಕ್ ಅಗ್ಗಿಷ್ಟಿಕೆ ಇಡುತ್ತಾರೆ. ದೊಡ್ಡ ಒಲೆ ಸಣ್ಣಗೆ, ಸಣ್ಣ ಒಲೆ ಜೊತೆಗೆ; ಇದಕ್ಕೆ ಭಾವ ಇಟ್ಟ ಹೆಸರು ಪೂರಕ ಶಾಖ. ಲೆಕ್ಕ ಸರಿಯಾಗಿದೆ, ಭಾವ ಬ್ಯಾಂಕಿನವರಲ್ಲವೆ. ಆದರೆ ಲೆಕ್ಕದ ಮೊದಲ ಸಾಲೇ ದೊಡ್ಡ ಒಲೆ. ವಿಜಯವಾಡದಲ್ಲಿ ಆ ದೊಡ್ಡ ಒಲೆ ಸಾಕ್ಷಾತ್ ಸೂರ್ಯ, ಅವನ ಥರ್ಮೊಸ್ಟಾಟು ಯಾರ ಕೈಗೂ ಸಿಕ್ಕಿಲ್ಲ.

ಈ ಯಂತ್ರದ ಹೊಟ್ಟೆಯೊಳಗೆ ಏನಿದೆ ಅಂತ ಒಮ್ಮೆ ಬಿಚ್ಚಿ ತೋರಿಸಿದರು. ಸಣ್ಣ ದೀಪಗಳ ಸಾಲು, ಅದರ ಮುಂದೆ ಮಿರಮಿರ ತಗಡಿನ ಚೂರು ಸಿಕ್ಕಿಸಿದ ಒಂದು ಸರಳು, ಸರಳನ್ನು ತಿರುಗಿಸಲು ಗುಬ್ಬಿ ಗಾತ್ರದ ಮೋಟಾರು. ಬೆಳಕು ತಗಡಿಗೆ ತಾಗಿ, ಮಸುಕು ಪರದೆಯ ಮೇಲೆ ಚಿಮ್ಮಿ ಜ್ವಾಲೆಯಾಗುತ್ತದೆ. ಶಾಖ ಬೇರೆಯೇ: ಮೇಲುಗಡೆ ಒಂದು ಕಾಯಿಲ್, ಹಿಂದೆ ಫ್ಯಾನು. ಅಮೆರಿಕದ ಕರೆಂಟು ಸೆಕೆಂಡಿಗೆ ಅರವತ್ತು ಸಲ ಅತ್ತಿತ್ತ ಓಡಾಡಿದರೆ ನಮ್ಮದು ಐವತ್ತು ಸಲ. ಮೋಟಾರು ಅದೇ ತಾಳಕ್ಕೆ ಕುಣಿಯುವ ಜಾತಿಯದು. ಹಾಗಾಗಿ ಅಲ್ಲಿ ಓಡುತ್ತಿದ್ದ ಜ್ವಾಲೆ ಇಲ್ಲಿಗೆ ಬಂದು ನಡೆಯತೊಡಗಿತು, ರಿಟೈರಾದವರ ಹಾಗೆ.

“ಭಾವ, ಈ ಶಾಖವೇ ಬೇಕಿದ್ದರೆ ಬೀದಿಬದಿ ಅಂಗಡಿಯ ರೂಮ್ ಹೀಟರಿನಲ್ಲೂ ಇದೆಯಲ್ಲ. 1500 ವ್ಯಾಟ್ ಅಂದರೆ 1500 ವ್ಯಾಟೇ. ಕಾಯಿಲಿಗೆ ಹೋದ ಕರೆಂಟೆಲ್ಲ ಶಾಖವೇ ತಾನೆ?”

“ಗೊತ್ತಯ್ಯ ನನಗೆ,” ಅಂದರು. ಸ್ಕ್ರೂ ಬಿಗಿಮಾಡುತ್ತ ತಲೆ ಎತ್ತದೆ, “ಹೀಟರ್ ಮುಂದೆ ಕೂತು ಯಾರಾದರೂ ಮಾತಾಡ್ತಾರಾ?” ಅಂತ ಸೇರಿಸಿದರು.

ಯಂತ್ರ ತಂದದ್ದು ಸೂಟ್‌ಕೇಸಿನಲ್ಲಿ, ಅಕ್ಕ ಮೊಮ್ಮಕ್ಕಳ ಹಳೆ ಬಟ್ಟೆ ತುಂಬಬೇಕೆಂದಿದ್ದ ಜಾಗದಲ್ಲಿ. ಆದರೆ ಅದು 120 ವೋಲ್ಟಿನ ಕೂಸು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಶಾಖ ಒಂದೇ ಕ್ಷಣ ಬಂದು, ಆಮೇಲೆ ಎಂದೆಂದಿಗೂ ಬರುವುದಿಲ್ಲ. ಅದಕ್ಕೆ ಬೆಸೆಂಟ್ ರೋಡಿನ ಹಿಂದಿನ ಗಲ್ಲಿ ಸುತ್ತಿ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಿಡಿದು ತಂದರು. ಗುಂಯ್ ಅನ್ನುವ ಡಬ್ಬ ಅದೇ. ಯಂತ್ರಕ್ಕಿಂತ ಅದೇ ಭಾರ. ಆಟೋದವನು ಅದಕ್ಕೊಂದು ಸೀಟಿನ ಬಾಡಿಗೆ ಕೇಳಿದ, ನ್ಯಾಯವಾಗಿಯೇ ಕೇಳಿದ.

ಸುತ್ತಲಿನ ಮರದ ಚೌಕಟ್ಟಿನ ಕಥೆ ಇನ್ನೊಂದು. ಭಾವ ಫೋನಿನಲ್ಲಿ ಫೋಟೊ ತೋರಿಸಿ ಬಡಗಿಗೆ ವಿವರಿಸಿದರು: ಎರಡು ಕಡೆ ಕಂಬ, ಮೇಲೆ ಹಲಗೆ, ನಡುವೆ ಬೆಂಕಿ. ಬಡಗಿ ಎಲ್ಲ ಕೇಳಿ ತಲೆದೂಗಿ, “ಅರ್ಥಮಯಿಂದಿ ಸಾರ್” ಅಂದ. ಹದಿನೈದು ದಿನಕ್ಕೆ ತಂದ. ಕಂಬಗಳ ಮೇಲೆ ಕಮಲ, ಹಲಗೆಯ ಮೇಲೆ ಪುಟ್ಟ ಗೋಪುರ, ಗೋಪುರಕ್ಕೆ ಮೂರು ಕಳಸ. ಎರಡು ಕಂಬ ಮತ್ತು ಬೆಂಕಿ ಅಂದಮೇಲೆ ದೇವರಲ್ಲದೆ ಇನ್ಯಾರು ಕೂರುತ್ತಾರೆ ಅನ್ನುವುದು ಅವನ ತರ್ಕ. ಅಂದಿನಿಂದ ಮನೆಗೆ ಬಂದ ಮುತ್ತೈದೆಯರು ಚಪ್ಪಲಿ ಬಿಟ್ಟು ಮೊದಲು ಅದಕ್ಕೆ ಕೈಮುಗಿಯುತ್ತಾರೆ. ಮೇಲಿನ ಮನೆಯ ಪಂತುಲುಗಾರು ಒಂದು ಸಲ ಬಂದವರು, ಜ್ವಾಲೆಯನ್ನು ಬಹಳ ಹೊತ್ತು ನೋಡಿ, ತುಪ್ಪ ಎಲ್ಲಿ ಹಾಕುವುದು ಅಂತ ಕೇಳಿದರು.

ಡಿಸೆಂಬರಿಗೆ ಸವಾರಿ ವಿಶಾಖಪಟ್ಟಣದ ಫ್ಲಾಟಿಗೆ ಬಂತು. ಅಲ್ಲಿ ಚಳಿಗಾಲ ಅಂದರೆ ರಾತ್ರಿ ಹದಿನೆಂಟಕ್ಕೆ ಇಳಿಯುವುದು. ಅಷ್ಟಕ್ಕೇ ಬೀಚ್ ರೋಡಿನಲ್ಲಿ ಮಂಕಿ ಕ್ಯಾಪು ಕಾಣಿಸುತ್ತವೆ. ಸಮುದ್ರದ ಉಪ್ಪುಗಾಳಿ ಎರಡೇ ವಾರದಲ್ಲಿ ಯಂತ್ರದ ಜಾಲರಿಗೆ ತುಕ್ಕು ಹಿಡಿಸಿತು. ಆದರೆ ಒಂದು ಉಪಯೋಗವಾಯಿತು. ಆ ಊರಿನ ಒದ್ದೆ ಗಾಳಿಯಲ್ಲಿ ಯಾವತ್ತೂ ಒಣಗದೆ ಮೆತ್ತಗೆ ನಗುತ್ತಿದ್ದ ಅಕ್ಕನ ಅರಳುಸಂಡಿಗೆ, ಫೈರ್‌ಪ್ಲೇಸಿನ ಮುಂದೆ ಒಂದೇ ರಾತ್ರಿಯಲ್ಲಿ ಗರಿಗರಿ. ಭಾವ ಇದನ್ನು ಅವಮಾನ ಅಂತಲೇ ತೆಗೆದುಕೊಂಡರು. “ಇದಕ್ಕೆ ತಕ್ಕ ಊರು ಬೇರೆ ಇದೆ,” ಅಂದರು.

ಊರು ಇತ್ತು. ಮೊದಲು ಬೆಟ್ಟದ ಮೇಲಿನ ಅರಕು ನೋಡಿಬಂದರು. ಕಿರಂದುಲ್ ರೈಲಿನ ಗಾಜಿನ ಬೋಗಿಯಲ್ಲಿ ಕೂತು ಸುರಂಗಗಳನ್ನು ಎಣಿಸುತ್ತ, ಸಮುದ್ರಮಟ್ಟದಿಂದ 996 ಮೀಟರ್ ಎತ್ತರದ ಶಿಮಿಳಿಗುಡ ಸ್ಟೇಷನ್ನಿನಲ್ಲಿ ಕೈ ಉಜ್ಜಿಕೊಂಡು, “ಇಲ್ಲಿ ಒಂದು ಗುಂಟೆ ತಗೊಂಡು ಮನೆ ಕಟ್ಟಿದರೆ...” ಅಂತ ಶುರುಮಾಡಿದರು. ವಾಪಸು ಬಂದು ವಕೀಲರನ್ನು ಕೇಳಿದಾಗ ಅವರು ಎರಡೇ ಮಾತು ಹೇಳಿದರು: ವನ್ ಆಫ್ ಸೆವೆಂಟಿ. 1970ರ ಒಂದನೆಯ ರೆಗ್ಯುಲೇಷನ್. ಆ ಬೆಟ್ಟಗಳೆಲ್ಲ ಷೆಡ್ಯೂಲ್ಡ್ ಪ್ರದೇಶ, ಅಲ್ಲಿಯ ನೆಲ ಗಿರಿಜನರಲ್ಲದವರ ಕೈಗೆ ಹೋಗುವಂತಿಲ್ಲ. ಅಮೆರಿಕದ ಚಳಿ ತಂದ ಒಬ್ಬೊಬ್ಬ ಭಾವನೂ ಒಂದೊಂದು ಗುಂಟೆ ಕೊಂಡಿದ್ದರೆ ಬೆಟ್ಟದಲ್ಲಿ ಬೆಟ್ಟದವರು ಎಷ್ಟು ಉಳಿಯುತ್ತಿದ್ದರೋ. ಇದನ್ನು ನಾನು ಭಾವನ ಎದುರಿಗೆ ಹೇಳಲಿಲ್ಲ.

ಉಳಿದ ದಾರಿ ಅಳಿಯ. ಅಕ್ಕನ ಮಗಳನ್ನು ಕೊಟ್ಟಿರುವುದು ಬಾಳೆಹೊನ್ನೂರು ಕಡೆಯ ಹುಡುಗನಿಗೆ. ಕಾಫಿ ಕೆಲಸದ ಮೇಲೆ ಬಂದವನು ಚಿಂತಪಲ್ಲಿಯಲ್ಲಿ ಬಾಡಿಗೆ ಮನೆ ಮಾಡಿದ್ದ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆದಿದೆ. ಕಾಫಿ ಮಂಡಳಿಯ ಇನ್ನೊಂದು ಸಂಶೋಧನಾ ಕೇಂದ್ರ ಚಿಂತಪಲ್ಲಿ ಪಕ್ಕದ ಆರ್.ವಿ. ನಗರದಲ್ಲಿದೆ. ಆ ಕಾಡಿನ ಮಧ್ಯೆ ಚಿಕ್ಕಮಗಳೂರು ಕನ್ನಡ ಕಿವಿಗೆ ಬಿದ್ದರೆ ಬೆಚ್ಚಬೇಕಾಗಿಲ್ಲ. ಚಿಂತಪಲ್ಲಿಯ ಹಾದಿಯಲ್ಲೇ ಲಂಬಸಿಂಗಿ. ಸ್ಥಳೀಯರ ಬಾಯಲ್ಲಿ ಅದು ಕೊರ್ರಬಯಲು: ರಾತ್ರಿ ಬಯಲಲ್ಲಿ ನಿಂತವನು ಬೆಳಗಾಗುವಷ್ಟರಲ್ಲಿ ಕೊರಡಾಗುತ್ತಾನೆ ಅಂತ ಅರ್ಥ. ಥರ್ಮಾಮೀಟರು ಒಂದಂಕಿಗೆ ಇಳಿದ ಮಾರನೆಯ ದಿನ ತೆಲುಗು ಟಿವಿಯವರೆಲ್ಲ ಅಲ್ಲಿ ಹಾಜರು, ಆಂಧ್ರದ ಕಾಶ್ಮೀರ ಅನ್ನುತ್ತ.

ಯಂತ್ರದ ಸಮೇತ ಅಳಿಯನ ಮನೆಗೆ ಹೊರಟೆವು. ನರಸೀಪಟ್ಟಣ ದಾಟಿ ಘಾಟಿ ಹತ್ತುವ ಮುಂಚೆ ಚೆಕ್‌ಪೋಸ್ಟಿನಲ್ಲಿ ಕಾನ್‌ಸ್ಟೆಬಲ್ ಡಿಕ್ಕಿ ತೆಗೆಸಿದ. ಒಳಗೆ ಒಂದು ಗೋಪುರ, ಒಂದು ಕಬ್ಬಿಣದ ಡಬ್ಬ, ಶಾಲಿನಲ್ಲಿ ಸುತ್ತಿದ ಒಂದು ಪೆಟ್ಟಿಗೆ. “ಏಮಿಟಿದಿ?”

“ನಿಪ್ಪು,” ಅಂದರು ಭಾವ ಗಂಭೀರವಾಗಿ. 1922ರ ಆಗಸ್ಟಿನಲ್ಲಿ, ಬ್ರಿಟಿಷರ ವಿರುದ್ಧ ಬಂಡೆದ್ದ ಅಲ್ಲೂರಿ ಸೀತಾರಾಮರಾಜು ಚಿಂತಪಲ್ಲಿ ಠಾಣೆಗೆ ನುಗ್ಗಿ ಬಂದೂಕು ಹೊತ್ತುಕೊಂಡು ಹೋಗಿದ್ದರು. 2022ರಿಂದ ಜಿಲ್ಲೆಗೇ ಅವರ ಹೆಸರು. ಅಂಥ ಊರಿಗೆ ಬೆಂಕಿ ಒಯ್ಯುತ್ತೇನೆ ಅಂದರೆ ಯಾರು ಬಿಡುತ್ತಾರೆ? ಅರ್ಧ ಗಂಟೆ ನಿಂತೆವು. ಕೊನೆಗೆ ಗೋಪುರವನ್ನು ನೋಡಿ ಅವನು ಕೈಮುಗಿದು ಕಳಿಸಿದ.

ಆ ರಾತ್ರಿ ನಿಜವಾದ ಚಳಿ. ಹೆಂಚಿನ ಮನೆ, ಹೆಂಚಿನ ಸಂದಿಯಲ್ಲಿ ನಕ್ಷತ್ರ ಕಾಣುತ್ತಿತ್ತು, ನಕ್ಷತ್ರಕ್ಕೆ ನಮ್ಮ ಶಾಖವೂ ಕಂಡಿರಬೇಕು. ಭಾವ ಎಲ್ಲರನ್ನೂ ಕೂರಿಸಿ ಸ್ವಿಚ್ ಒತ್ತಿದರು. ಜ್ವಾಲೆ ಭರ್ಜರಿಯಾಗಿ ಎದ್ದಿತು. ಕಾಯಿಲಿನಿಂದ ಬಂದದ್ದು ಮಾತ್ರ ಜ್ವರ ಬಿಟ್ಟ ಮಗುವಿನ ಉಸಿರಿನಷ್ಟು ಬೆಚ್ಚಗೆ. ಅಳಿಯ ಮೀಟರು ಹಿಡಿದು ನೋಡಿ, “ಲೈನಲ್ಲಿ 180 ಇದೆ ಮಾವ” ಅಂದ. ವೋಲ್ಟೇಜು ಇಳಿದರೆ ಶಾಖ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರ ಜಾಗದಲ್ಲಿ 180 ಇದ್ದರೆ 1500 ವ್ಯಾಟು 900ರ ಆಸುಪಾಸು. ಭಾವ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಲೆಕ್ಕ ಹಾಕುವಾಗ ಅವರ ಕೈ ನಡುಗುತ್ತಿತ್ತು.

ಮನೆ ಕಾಯುವವನ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸೊಂಟದಿಂದ ಒಂದು ಚುಟ್ಟ ತೆಗೆದು ಒಳಗೆ ಬಂದು, ಕುಕ್ಕರಗಾಲಲ್ಲಿ ಕೂತು, ಅದರ ತುದಿಯನ್ನು ಜ್ವಾಲೆಗೆ ಹಿಡಿದಳು. ಗಾಜಿಗೆ ಟಕ್ ಅಂತು. ಇನ್ನೊಂದು ಜಾಗದಲ್ಲಿ ಹಿಡಿದಳು. ಟಕ್. “ಇದೇಟಿ ಬಾಬೂ, ಅಂಟುಕೋದಾ?” ಹತ್ತಿಕೊಳ್ಳುವುದಿಲ್ಲವೇ ಅಂತ ಅವಳು ಕೇಳಿದ್ದರಲ್ಲಿ ಕುಚೋದ್ಯವಿರಲಿಲ್ಲ, ಕನಿಕರವಿತ್ತು. ಹೊರಗೆ ಹೋಗಿ ಅಂಗಳದ ಬೆಂಕಿಯಲ್ಲಿ ಹತ್ತಿಸಿ, ಆ ಸೀಮೆಯ ಹೆಂಗಸರ ಹಳೆ ಪದ್ಧತಿಯಂತೆ ಉರಿಯುವ ತುದಿಯನ್ನೇ ಬಾಯೊಳಗೆ ಇಟ್ಟುಕೊಂಡು ತುಟಿ ಮುಚ್ಚಿದಳು. ಅಡ್ಡಪೊಗ ಅನ್ನುತ್ತಾರೆ. ಅದನ್ನು ಕಂಡರೆ ಡಾಕ್ಟರುಗಳಿಗೆ ಆಗುವುದಿಲ್ಲ, ಅಂಗುಳಿನ ಕ್ಯಾನ್ಸರಿಗೆ ದಾರಿ ಅನ್ನುತ್ತಾರೆ. ಆದರೆ ಪೂರಕ ಶಾಖ ಅಂದರೆ ಏನು ಅಂತ ನನಗೆ ತಿಳಿದದ್ದು ಆಗಲೇ.

ಒಂಬತ್ತೂವರೆಗೆ ಕರೆಂಟು ಹೋಯಿತು. ಹತ್ತು ನಿಮಿಷ ಕತ್ತಲಲ್ಲಿ ಕಾದೆವು. ಮೊದಲು ಮಗಳು ಎದ್ದು ಹೊರಗೆ ಹೋದಳು, ಆಮೇಲೆ ಅಳಿಯ, ಆಮೇಲೆ ಅಕ್ಕ. ಕೊನೆಗೆ ಭಾವ ತಮ್ಮ ಕುರ್ಚಿ ಹಿಡಿದುಕೊಂಡು ಬಂದು, ಅಂಗಳದ ಬೆಂಕಿಯಿಂದ ಮಾನ ಕಾಪಾಡಿಕೊಳ್ಳುವಷ್ಟು ದೂರದಲ್ಲಿ ಕೂತರು. ಕುರ್ಚಿ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಯಿತು. ಹೊಗೆ ಅವರ ಕಡೆಗೇ ತಿರುಗಿ ಕಣ್ಣಲ್ಲಿ ನೀರು. ಒಂದು ಗಂಟೆಯಾದಮೇಲೆ, ಯಾರೂ ಕೇಳದೆ, ತೀರ್ಥಹಳ್ಳಿಯ ಬಚ್ಚಲೊಲೆಯ ಮುಂದೆ ಅವರ ಅಜ್ಜಿ ಹಲಸಿನ ಬೀಜ ಸುಡುತ್ತಿದ್ದದ್ದು, ಮಳೆಗಾಲದಲ್ಲಿ ಆರು ಜನ ಮಕ್ಕಳು ಒಂದೇ ಕಂಬಳಿಯೊಳಗೆ ಕೂತು ಆ ಬೀಜಕ್ಕೆ ಕಿತ್ತಾಡುತ್ತಿದ್ದದ್ದು, ಕಂಬಳಿಯ ಅಂಚು ಸುಟ್ಟದ್ದು, ಸುಟ್ಟವರು ಯಾರು ಅಂತ ಇವತ್ತಿಗೂ ಇತ್ಯರ್ಥವಾಗದ್ದು, ಎಲ್ಲ ಹೇಳಿದರು. ಮೂವತ್ತು ವರ್ಷದಿಂದ ಬಲ್ಲೆ ಭಾವನನ್ನು; ಈ ಕಥೆ ಕೇಳಿರಲಿಲ್ಲ. ಅಜ್ಜಿಗೆ ಕನ್ನಡ ಒಂದಕ್ಷರ ಬಾರದು, ನಗಬೇಕಾದಲ್ಲೆಲ್ಲ ಸರಿಯಾಗಿ ನಕ್ಕಳು, ಬಾಯಿ ತೆರೆಯದೆ.

ಬೆಳಗಿನ ಜಾವ ನೀರಿಗೆ ಎದ್ದಾಗ ಕರೆಂಟು ಬಂದಿತ್ತು. ಸ್ವಿಚ್ ಆರಿಸುವುದನ್ನು ಎಲ್ಲರೂ ಮರೆತಿದ್ದೆವು. ಖಾಲಿ ಕೋಣೆಯಲ್ಲಿ ಗೋಪುರದ ಕೆಳಗೆ ಬೆಂಕಿ ಒಂದೇ ಲಯದಲ್ಲಿ ಉರಿಯುತ್ತಿತ್ತು. ಡಬ್ಬ ಗುಂಯ್ ಅನ್ನುತ್ತಿತ್ತು, ಅದರ ಮೇಲೆ ಊರಿನ ಯಾವುದೋ ಬೆಕ್ಕು ಸುರುಳಿ ಸುತ್ತಿ, ಅದೇ ಶ್ರುತಿಯಲ್ಲಿ ಗುರುಗುಟ್ಟುತ್ತ ಮಲಗಿತ್ತು. ನಾನು ಪ್ಲಗ್ಗಿಗೆ ಕೈ ಹಾಕಿದೆ. ಹಿಂದಿನಿಂದ ಅಕ್ಕನ ಧ್ವನಿ ಬಂತು.

“ಇರಲಿ ಬಿಡೋ. ಇಷ್ಟು ದೂರ ಹೊತ್ತು ತಂದದ್ದಕ್ಕೆ ಅದೊಂದಾದರೂ ಕಾಯಿಸಿಕೊಳ್ಳಲಿ.”