ಇಪ್ಪತ್ತಾರನೇ ಕಲಂ ಹತ್ತಿರ ಎಲ್ಲರೂ ಬೆವರುತ್ತಾರೆ

ಅಮೆರಿಕ ಸರ್ಕಾರದ ಗುಟ್ಟಿನ ಕಡತ ಮುಟ್ಟಬೇಕಾದವರು ಮೊದಲು ಎಸ್‌ಎಫ್-86 ಎಂಬ ಅರ್ಜಿ ತುಂಬಬೇಕು. ನೂರಕ್ಕೂ ಮಿಕ್ಕ ಪುಟ. ಸೈನಿಕರು, ರಕ್ಷಣಾ ಗುತ್ತಿಗೆ ಕಂಪನಿಯ ಎಂಜಿನಿಯರುಗಳು, ಅಲ್ಲಿಯ ಪೌರತ್ವ ಪಡೆದ ನಮ್ಮ ಕಡೆಯವರು, ಯಾರಿಗೂ ವಿನಾಯಿತಿಯಿಲ್ಲ. ಅರ್ಜಿ ಮಹಾಶಯರು ಬಿಡುವು ಮಾಡಿಕೊಂಡು ಮಾತಿಗೆ ಸಿಕ್ಕರು.

ಪ್ರಶ್ನೆ: ಸ್ವಾಮಿ, ದೇಶದ ಗುಟ್ಟಿಗೂ ಒಬ್ಬನ ಕ್ರೆಡಿಟ್ ಕಾರ್ಡ್ ಬಾಕಿಗೂ ಏನು ನಂಟು?

ಅರ್ಜಿ: ಆಲ್ಡ್ರಿಚ್ ಏಮ್ಸ್ ಹೆಸರು ಕೇಳಿಲ್ವಾ? ಸಿಐಎ ಅಧಿಕಾರಿ. ವಿಚ್ಛೇದನ, ಸಾಲ ಎರಡೂ ಕುತ್ತಿಗೆಗೆ ಬಂದಾಗ, 1985ರಲ್ಲಿ ಸೋವಿಯತ್ ರಾಯಭಾರ ಕಚೇರಿಗೆ ಹೋಗಿ 50,000 ಡಾಲರಿಗೆ ವ್ಯಾಪಾರ ಕುದುರಿಸಿದ. ಅವನು ಹೆಸರು ಕೊಟ್ಟ ಹಲವರಿಗೆ ಮರಣದಂಡನೆಯಾಯಿತು.

ಪ್ರಶ್ನೆ: ಆಮೇಲೆ 5,40,000 ಡಾಲರಿನ ಮನೆಯನ್ನು ನಗದು ಕೊಟ್ಟು ಕೊಂಡ, ಜಾಗ್ವಾರ್ ಕಾರಿನಲ್ಲಿ ಓಡಾಡಿದ. ಸಿಕ್ಕಿಬಿದ್ದದ್ದು 1994ರಲ್ಲಿ. ಅಲ್ಲಿಯವರೆಗೆ ಎಲ್ಲರೂ ಏನು ಮಾಡುತ್ತಿದ್ದಿರಿ?

ಅರ್ಜಿ: (ಪುಟ ಮಗುಚುತ್ತಾ) ಹೆಂಡತಿ ಕಡೆಯವರು ಸ್ಥಿತಿವಂತರು ಅಂದ. ಮಾವನ ಮನೆ ದುಡ್ಡು ಅಂದಮೇಲೆ ಯಾರು ಕೆದಕುತ್ತಾರೆ? ಸಾಲಗಾರನನ್ನು ವಿಚಾರಿಸೋದು ಸುಲಭ ಕಣ್ರೀ, ಸಾಹುಕಾರನನ್ನು ವಿಚಾರಿಸೋಕೆ ಧೈರ್ಯ ಬೇಕು. ಈಗ ಲೆಕ್ಕಕ್ಕೆ ಸಿಗದ ಐಶ್ವರ್ಯವೂ ಅನುಮಾನದ ಪಟ್ಟಿಯಲ್ಲಿದೆ. ಅಂದಹಾಗೆ, ಬೇಹುಗಾರಿಕೆಯ ಜೊತೆಗೆ ತೆರಿಗೆ ವಂಚನೆಯನ್ನೂ ಅವನು ಕೋರ್ಟಿನಲ್ಲಿ ಒಪ್ಪಿಕೊಂಡ. ಮಾಸ್ಕೋದ ಸಂಪಾದನೆಯನ್ನು ರಿಟರ್ನ್ಸ್‌ನಲ್ಲಿ ತೋರಿಸಿರಲಿಲ್ಲ ನೋಡಿ.

ಪ್ರಶ್ನೆ: ನಿಮ್ಮ ಇಪ್ಪತ್ತಾರನೇ ಕಲಂ ಹತ್ತಿರ ಜನ ಬೆವರುತ್ತಾರಂತೆ.

ಅರ್ಜಿ: ಬೆವರಲಿ. ದಿವಾಳಿ ಅರ್ಜಿ ಹಾಕಿದ್ದೀಯಾ, ಜೂಜಾಡಿ ಕೈ ಸುಟ್ಟುಕೊಂಡೆಯಾ, ಕಳೆದ ಏಳು ವರ್ಷದಲ್ಲಿ ತೆರಿಗೆ ಕಟ್ಟದೆ ಬಿಟ್ಟೆಯಾ, 120 ದಿನ ದಾಟಿದ ಬಾಕಿ ಇದೆಯಾ, ಇಷ್ಟೇ.

ಪ್ರಶ್ನೆ: ಬಾಕಿ ಇದ್ದವನ ಕಥೆ ಮುಗಿಯಿತೇ?

ಅರ್ಜಿ: ಯಾರು ಹೇಳಿದ್ದು? ಕೆಲಸ ಹೋಯಿತು, ಆಸ್ಪತ್ರೆ ಬಿಲ್ಲು ಬಂತು, ಸಂಸಾರ ಮುರಿಯಿತು, ಇದನ್ನೆಲ್ಲ 2017ರಿಂದ ಜಾರಿಯಲ್ಲಿರುವ ಮಾರ್ಗಸೂಚಿ ಕೇಳಿಸಿಕೊಳ್ಳುತ್ತದೆ. ಸಾಲ ಕೊಟ್ಟವರ ಹತ್ತಿರ ಮಾತಾಡಿ ಕಂತು ಕಟ್ಟುತ್ತಿದ್ದೀಯಾ, ರಸೀದಿ ತೋರಿಸು. ಆಣೆ ಪ್ರಮಾಣ ನಡೆಯೋಲ್ಲ. ದಿವಾಳಿ ಎದ್ದವರೂ ಪಾಸಾಗಿದ್ದಾರೆ. ತೆರಿಗೆಯ ಜಾತಿಯೇ ಬೇರೆ. ಕಷ್ಟಕ್ಕೆ ಬ್ಯಾಂಕ್ ಸಾಲ ಉಳಿಯಿತು ಅನ್ನಬಹುದು, ರಿಟರ್ನ್ಸ್ ಸಲ್ಲಿಸೋಕೂ ಕಷ್ಟ ಅಡ್ಡ ಬಂತಾ? ವರ್ಷಗಟ್ಟಲೆ ಸುಮ್ಮನಿದ್ದು, ನಾನು ಕೈಗೆ ಬಂದ ಮೇಲೆ ಓಡಿಹೋಗಿ ಕಟ್ಟಿದರೆ, ವಿಚಾರಣೆ ಮಾಡುವವರು ಮೊತ್ತದ ಜೊತೆ ತಾರೀಖನ್ನೂ ನೋಡುತ್ತಾರೆ. ತೆರಿಗೆಯ ನಿಯಮ ಪಾಲಿಸದವನು ಗುಟ್ಟು ಕಾಯುವ ನಿಯಮ ಪಾಲಿಸುತ್ತಾನಾ ಅನ್ನೋದು ಅವರ ಸಂಶಯ.

ಪ್ರಶ್ನೆ: ಬಾಕಿಯನ್ನು ಬರೆಯದೇ ಬಿಟ್ಟರೆ?

ಅರ್ಜಿ: ಸಾಲಕ್ಕಿಂತ ಅದು ದುಬಾರಿ. ಕ್ರೆಡಿಟ್ ವರದಿ ಹೇಗೂ ತರಿಸುತ್ತೇವೆ. ಬೇಕೆಂದೇ ಸುಳ್ಳು ಬರೆದರೆ ಐದು ವರ್ಷದವರೆಗೆ ಜೈಲು.

(ಉತ್ತರ ಗೊತ್ತಿದ್ದೂ ಕೇಳುವುದು ಅತ್ತೆಯಂದಿರ ಪದ್ಧತಿ ಎಂದುಕೊಂಡಿದ್ದೆ. ಈ ಅರ್ಜಿಯಲ್ಲಿ ಅತ್ತೆಯ ಹೆಸರನ್ನೂ ಬರೆಯಬೇಕು.)

ಪ್ರಶ್ನೆ: ಇಷ್ಟೆಲ್ಲ ಕೇಳಿ ಬರೆಸಿಕೊಂಡ ನೀವು ಅದನ್ನು ಗುಟ್ಟಾಗಿ ಇಟ್ಟಿರಾ?

ಅರ್ಜಿ: 2015ರ ವಿಷಯ ಎತ್ತಲೇಬೇಕಿತ್ತಾ?

ಪ್ರಶ್ನೆ: ಹ್ಯಾಕರುಗಳು 2.15 ಕೋಟಿ ಜನರ ಮಾಹಿತಿ ಕದ್ದರು. ಯಾರ ಸಾಲ ಎಷ್ಟು, ಯಾರ ದಾಂಪತ್ಯ ಮುರಿದಿದೆ, ಎಲ್ಲ ಒಂದೇ ಗಂಟಿನಲ್ಲಿ.

ಅರ್ಜಿ: ಆಗ ನನಗೆ ಯಾವ ಸಾಲವೂ ಇರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಪ್ರಶ್ನೆ: ಅಧ್ಯಕ್ಷರು, ಸಂಸತ್ ಸದಸ್ಯರು ಇಪ್ಪತ್ತಾರನೇ ಕಲಂ ಹೇಗೆ ತುಂಬುತ್ತಾರೆ?

ಅರ್ಜಿ: ತುಂಬೋದಿಲ್ಲ. ಚುನಾವಣೆ ಗೆದ್ದರೆ ಸಾಕು, ಆ ಹುದ್ದೆಗೆ ನನ್ನ ಹಂಗಿಲ್ಲ.

ಪ್ರಶ್ನೆ: ಅವರಿಗೆ ಸಾಲವಿದ್ದರೂ?

ಅರ್ಜಿ: ನಮ್ಮ ಇಲಾಖೆಗೆ ಅನುದಾನ ಮಂಜೂರು ಮಾಡೋರೂ ಅವರೇ ಕಣ್ರೀ. ಇದನ್ನು ಬರಕೋಬೇಡಿ.