ಅಂಬಾಸಡರ್ ದಾಯವಿಭಾಗ ಮೀಮಾಂಸೆ

ಮಾರ್ಪಾಡುಗೊಂಡ ಹಳೆಯ ಕಾರನ್ನು ಇಡಿಯಾಗಿ ಉಳಿಸಿಕೊಳ್ಳಬೇಕೋ, ಬಿಚ್ಚಿ ಬಿಡಿಭಾಗಗಳಾಗಿ ಮಾರಬೇಕೋ ಎಂಬ ಪ್ರಶ್ನೆಯನ್ನು ಇಷ್ಟು ಕಾಲ ಗ್ಯಾರೇಜಿನವರಿಗೂ ಗುಜರಿಯವರಿಗೂ ಬಿಟ್ಟುಕೊಟ್ಟದ್ದು ನಮ್ಮ ವಿದ್ವಾಂಸರ ಉದಾಸೀನಕ್ಕೆ ಸಾಕ್ಷಿ. ಪ್ರಾಚೀನರು ಈ ವಿಷಯದಲ್ಲಿ ಬೇಕಾದಷ್ಟು ಹೇಳಿಟ್ಟಿದ್ದಾರೆ. ಅವರು ಕಾರನ್ನೇ ಕಂಡಿರಲಿಲ್ಲವೆಂದು ಆಕ್ಷೇಪಿಸುವವರುಂಟು. ಹಾಗೆನ್ನುವವರಲ್ಲಿ ಹೆಚ್ಚಿನವರು ಬಸ್ಸಿನಲ್ಲಿ ಓಡಾಡುವವರಾದ್ದರಿಂದ ಆ ಆಕ್ಷೇಪವನ್ನು ಇಲ್ಲಿ ಗಣಿಸಿಲ್ಲ.

ಮೀಮಾಂಸಕರ ಪದ್ಧತಿಯಂತೆ ಮೊದಲು ವಿಷಯ. ಶಿರಸಿ ಸೀಮೆಯ ಅಡಿಕೆ ತೋಟದ ಮನೆಯೊಂದರ ಕೊಟ್ಟಿಗೆಯಲ್ಲಿ 1968ರ ಅಂಬಾಸಡರ್ ಮಾರ್ಕ್ ಟೂ ನಿಂತಿದೆ. ನಂಬರ್ ಪ್ಲೇಟು ‘ಎಂವೈ’ ಎಂದು ಶುರುವಾಗುತ್ತದೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಕಾರು ಅದಕ್ಕಿಂತ ಐದು ವರ್ಷ ಹಿರಿದು. ಒಡಲನ್ನು ಕೊಂಡವರು ಯಜಮಾನರ ತಂದೆ. ಒಳಗಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನು ಎಂಬತ್ತರ ದಶಕದಲ್ಲಿ ಇಳಿಸಿ, ತಮ್ಮ ಹೈಸ್ಕೂಲು ಮಾಸ್ತರಿಕೆಯ ಸಂಬಳದಲ್ಲಿ ಮೆಟಾಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದವರು ಯಜಮಾನರು. ಸ್ಟೇರಿಂಗ್ ಪಕ್ಕದ ಗೇರು ಹೋಗಿ ನೆಲದ ಮೇಲೆ ಗೇರು ಎದ್ದಿತು. ಮುಂದಿನ ಉದ್ದ ಸೀಟಿನ ಜಾಗಕ್ಕೆ ಕಾಂಟೆಸ್ಸಾದ ಎರಡು ಬಿಡಿ ಸೀಟು ಬಂದವು, ಹಿರಿಯ ಮಗನ ಮೊದಲ ಸಂಬಳದಲ್ಲಿ. ಅಲಾಯ್ ಚಕ್ರಗಳು ಕಿರಿಯವನ ಕೊಡುಗೆ. ಮಲೆನಾಡಿನ ಕೆಸರಿಗೆ ಅಲಾಯ್ ಏಕೆ ಎಂದು ಯಾರೂ ಕೇಳಿದಂತಿಲ್ಲ. ಮೂಲ ಎಂಜಿನ್ನಿನ ಬ್ಲಾಕು ಅದೇ ಕೊಟ್ಟಿಗೆಯ ಮೂಲೆಯಲ್ಲಿ, ಅಡಿಕೆ ಮೂಟೆಗೆ ತೇವ ತಾಗದಂತೆ ಅಡಿಗಲ್ಲಾಗಿ ಸೇವೆ ಸಲ್ಲಿಸುತ್ತಿದೆ. ಆರ್‌ಸಿಯಲ್ಲಿ ಪೆಟ್ರೋಲ್, ಟ್ಯಾಂಕಿಯಲ್ಲಿ ಡೀಸೆಲ್.

ಇನ್ನು ಸಂಶಯ. ಬೆಂಗಳೂರಿನಲ್ಲಿರುವ ಹಿರಿಯ ಮಗನಿಗೆ ಕಾರು ಮೂಲಸ್ಥಿತಿಗೆ ಮರಳಿ ವಿಂಟೇಜ್ ನಂಬರ್ ಪಡೆಯಬೇಕು. ತೋಟ ನೋಡಿಕೊಳ್ಳುವ ಕಿರಿಯವನಿಗೆ ಕೊಟ್ಟಿಗೆ ಖಾಲಿಯಾಗಬೇಕು. ಮಗಳು ಇಬ್ಬರ ಮಾತನ್ನೂ ಪೂರ್ತಿ ಕೇಳಿ, “ನನ್ನ ಪಾಲಿನದು ಯಾವುದು?” ಎಂದಷ್ಟೇ ವಿಚಾರಿಸಿದ್ದಾಳೆ. ಯಜಮಾನರು ಏನೂ ಹೇಳುವುದಿಲ್ಲ. ದಿನಾ ಸಂಜೆ ಕೊಟ್ಟಿಗೆಗೆ ಹೋಗಿ, ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಪೇಪರ್ ಓದುತ್ತಾರೆ.

ಹಿರಿಯನ ಪೂರ್ವಪಕ್ಷಕ್ಕೆ ರಾಜಾಜ್ಞೆಯ ಬಲವಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನ ವಿಂಟೇಜ್ ಎನಿಸಿಕೊಳ್ಳಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ನಂಬರಿನಲ್ಲಿ ‘ವಿಎ’ ಎಂಬ ಬಿರುದು. ಆದರೆ ವಾಹನ ಮೂಲರೂಪದಲ್ಲೇ ಇರಬೇಕು. ಚಾಸಿಯನ್ನಾಗಲಿ ಒಡಲನ್ನಾಗಲಿ ಎಂಜಿನ್ನನ್ನಾಗಲಿ ಗಣನೀಯವಾಗಿ ಬದಲಿಸಿರಬಾರದು. ಹೀಗಾಗಿ ನಮ್ಮ ಕಾರು ವಯಸ್ಸಿನಲ್ಲಿ ಪಾಸು, ನಡತೆಯಲ್ಲಿ ಫೇಲು. ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಮುಂದೆ ಅದನ್ನು ನಿಲ್ಲಿಸುವ ಧೈರ್ಯವಂತೂ ಯಾರಿಗೂ ಇಲ್ಲ. ಅಡಿಗಲ್ಲಾಗಿರುವ ಎಂಜಿನ್ನನ್ನು ಎತ್ತಿ ಕೂರಿಸಿದರೆ ಎಲ್ಲ ದೋಷವೂ ಪರಿಹಾರವಾಗುತ್ತದೆಂಬುದು ಹಿರಿಯನ ನಂಬಿಕೆ. ಅಡಿಕೆ ಮೂಟೆಗೆ ಬದಲಿ ಅಡಿಗಲ್ಲು ಎಲ್ಲಿಂದ ತರುವುದೆಂದು ಅವನು ಹೇಳಿಲ್ಲ.

ಈ ಪಕ್ಷದ ನಿಜವಾದ ತೊಡಕು ಬೇರೆ. ಮೂಲ ಎಂದರೆ ಎಲ್ಲಿಯವರೆಗೆ ಹೋಗಬೇಕು? ಬಂಗಾಳದ ಹೂಗ್ಲಿ ದಂಡೆಯ ಉತ್ತರಪಾರಾದಲ್ಲಿ ಹುಟ್ಟಿದ ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೇ ಆವೃತ್ತಿಯ ಪಡಿಯಚ್ಚು. ಅದೇ ಕಾರ್ಖಾನೆ ತೊಂಬತ್ತರ ದಶಕದಲ್ಲಿ ಅದೇ ಒಡಲಿಗೆ ಜಪಾನಿನ ಇಸುಜು ಎಂಜಿನ್ ಕೂರಿಸಿ, ಗೇರನ್ನು ನೆಲಕ್ಕಿಳಿಸಿ, ಹೊಸ ಮಾದರಿ ಎಂದು ಮಾರಿತು. ಯಜಮಾನರು ಮಾಡಿದ್ದೂ ಅದನ್ನೇ, ಅದೂ ಕೆಲವು ವರ್ಷ ಮುಂಚೆ. ಕಾರ್ಖಾನೆ ಮಾಡಿದರೆ ಅಭಿವೃದ್ಧಿ, ಶಿರಸಿಯ ಮೇಸ್ತ್ರಿ ಮಾಡಿದರೆ ಅಪಚಾರ ಎನ್ನುವುದಕ್ಕೆ ಯಾವ ಶಾಸ್ತ್ರದಲ್ಲೂ ಆಧಾರ ಸಿಕ್ಕಿಲ್ಲ. ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ಮಾಸ್ತರರೊಬ್ಬರ ಸಂಬಳ ಎಷ್ಟು ದೂರ ಓಡುತ್ತಿತ್ತು ಎಂಬುದಕ್ಕೆ ಆ ಮೆಟಾಡಾರ್ ಎಂಜಿನ್ನೇ ದಾಖಲೆ. ಅದನ್ನು ಕಿತ್ತರೆ ಕಾರು ಮೂಲಕ್ಕೆ ಮರಳುವುದಿಲ್ಲ, ಅದರ ಚರಿತ್ರೆಯಲ್ಲಿ ಹಲವು ದಶಕಗಳು ಕಳೆದುಹೋಗುತ್ತವೆ. ಇದು ಪ್ರಬಂಧಕಾರನ ಸ್ವಂತ ಅಭಿಪ್ರಾಯ. ಬೇಡದವರು ಬಿಟ್ಟು ಓದಬಹುದು.

ಕಿರಿಯನದು ಬೌದ್ಧಪಕ್ಷ. ಈ ಬಗೆಯ ಚರ್ಚೆಯಲ್ಲಿ, ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದ ಗ್ರೀಕರ ಹಡಗನ್ನು ಎಳೆದು ತರುವುದು ರೂಢಿ. ಶಿರಸಿಗೆ ಸಮುದ್ರ ಇಲ್ಲವಾದ್ದರಿಂದ ಅದನ್ನು ಕೈಬಿಟ್ಟು, ಗ್ರೀಕ್ ರಾಜನೊಬ್ಬನನ್ನು ಮಾತ್ರ ಉಳಿಸಿಕೊಂಡಿದ್ದೇನೆ. ರಥವೇರಿ ಬಂದ ಮಿಲಿಂದನನ್ನು ನಾಗಸೇನ ಭಿಕ್ಷು ಕೇಳುತ್ತಾನೆ: ಅಚ್ಚು ರಥವೇ? ಗಾಲಿ ರಥವೇ? ನೊಗ? ಒಂದೂ ಅಲ್ಲವೆಂದು ರಾಜ ಒಪ್ಪುತ್ತಾನೆ. ಹಾಗಿದ್ದರೆ ರಥವೆಂಬುದು ಬರಿಯ ಹೆಸರು, ವ್ಯವಹಾರಕ್ಕೆಂದು ಇಟ್ಟುಕೊಂಡದ್ದು. ಇಲ್ಲದ ಕಾರನ್ನು ಬಿಚ್ಚಿದರೆ ನಷ್ಟವೇನು ಎಂಬುದು ಕಿರಿಯನ ವಾದ. ಮೇಸ್ತ್ರಿಯೂ ಈ ಪಕ್ಷಕ್ಕೇ ವಾಲಿದ್ದಾನೆ. ಮಾರ್ಕ್ ಟೂ ಗ್ರಿಲ್ಲಿಗೆ, ಬಂಪರಿಗೆ, ಕಾಂಟೆಸ್ಸಾ ಸೀಟಿಗೆ ಬೇರೆ ಬೇರೆ ಊರಿನಲ್ಲಿ ಗಿರಾಕಿಗಳಿದ್ದಾರಂತೆ. ಇಡೀ ಕಾರು ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ನಾಗಸೇನನ ಮಾತಿಗೆ ಮಾರುಕಟ್ಟೆಯ ಪ್ರಮಾಣವೂ ದೊರೆತಿದೆ. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಂತಿತು. 2017ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿ ಅಂಬಾಸಡರಿನ ಹೆಸರನ್ನು 80 ಕೋಟಿ ರೂಪಾಯಿಗೆ ಕೊಂಡಿತು. ಎಂಜಿನ್ ಇಲ್ಲ, ಗಾಲಿ ಇಲ್ಲ, ಬರಿಯ ಹೆಸರು. ಬಿಡಿಭಾಗಗಳ ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಬೆಲೆ ಬಂದ ಭಾಗ ಇನ್ನೊಂದಿರಲಾರದು. ಕಿರಿಯ ಮಗ ನಮ್ಮ ಕಾರಿನ ಹಿಂಬದಿಯ ಹೆಸರಿನ ಲೋಹದಕ್ಷರಗಳನ್ನು ಒರೆಸಿ ಬೇರೆ ಎತ್ತಿಟ್ಟಿದ್ದಾನೆ.

ನೈಯಾಯಿಕರು ಇದನ್ನು ಒಪ್ಪುವವರಲ್ಲ. ಅವರ ಪ್ರಕಾರ ಅವಯವಗಳಿಗಿಂತ ಬೇರೆಯಾದ ಅವಯವಿ ಎಂಬುದೊಂದು ನಿಜವಾಗಿ ಇದೆ. ಅವಯವ ಕಳಚಿದರೆ ಹಳೆಯ ಅವಯವಿ ನಾಶವಾಗಿ, ಉಳಿದ ಅವಯವಗಳಿಂದ ಹೊಸದೊಂದು ಹುಟ್ಟುತ್ತದೆ. ಬಟ್ಟೆಯ ತುಂಡು ಹರಿದಾಗ ಆಗುವುದು ಅದೇ. ಕೇಳಲು ಚೆನ್ನಾಗಿದೆ. ಆದರೆ ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವ ಕಾರಿನಿಂದ ನಟ್ಟು ಉದುರಿದಾಗಲೆಲ್ಲ ಹಳೆಯ ಅಂಬಾಸಡರ್ ಸತ್ತು ಹೊಸದು ಜನಿಸುತ್ತದೆಂದಾದರೆ, ಕುಮಟೆ ಮುಟ್ಟುವ ಹೊತ್ತಿಗೆ ಎಷ್ಟು ಜನ್ಮ, ಪ್ರತಿ ಜನ್ಮಕ್ಕೂ ನೋಂದಣಿ ಶುಲ್ಕ ಯಾರು ಕಟ್ಟಬೇಕು? ಆರ್‌ಟಿಒ ಕಚೇರಿಯಲ್ಲಿ ನ್ಯಾಯಶಾಸ್ತ್ರ ಬಲ್ಲವರು ಇಲ್ಲದಿರುವುದು ವಾಹನ ಮಾಲೀಕರ ಪುಣ್ಯ.

ತತ್ತ್ವಶಾಸ್ತ್ರ ಕೈಕೊಟ್ಟಾಗ ನಮ್ಮವರು ಧರ್ಮಶಾಸ್ತ್ರಕ್ಕೆ, ಅಂದರೆ ವಕೀಲರ ಹತ್ತಿರ, ಹೋಗುತ್ತಾರೆ. ಪಾಲಿನ ವಿಷಯದಲ್ಲಿ ಎರಡು ಸಂಪ್ರದಾಯ. ಚಾಲುಕ್ಯರ ಕಲ್ಯಾಣದಲ್ಲಿ ಮಿತಾಕ್ಷರಾ ಬರೆದ ವಿಜ್ಞಾನೇಶ್ವರನ ಮತದಲ್ಲಿ ಪಿತ್ರಾರ್ಜಿತದ ಮೇಲೆ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನನ ದಾಯಭಾಗದಲ್ಲಿ ತಂದೆ ಇರುವ ತನಕ ಮಕ್ಕಳಿಗೆ ಏನೂ ಇಲ್ಲ. ಮಕ್ಕಳು ಮಿತಾಕ್ಷರಾ ಹಿಡಿದರು. ಯಜಮಾನರು ಮೌನ ಮುರಿದು, “ಕಾರು ಬಂಗಾಳದ್ದು” ಎಂದರು. ಅಷ್ಟು ಹೇಳಿ ಮತ್ತೆ ಪೇಪರ್ ಬಿಡಿಸಿದರು.

ಮಿತಾಕ್ಷರೆಯನ್ನೇ ಒಪ್ಪಿದರೂ ಗಂಟು ಬಿಡುವುದಿಲ್ಲ. ಒಡಲು ಅಜ್ಜನದು, ಪಿತ್ರಾರ್ಜಿತ. ಅದರಲ್ಲಿ ಮಕ್ಕಳಿಗೆ ಪಾಲುಂಟು. ಮಗಳಿಗೂ ಉಂಟು, ಏಕೆಂದರೆ 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಕಾನೂನು ತಿದ್ದಿವೆ. ಎಂಜಿನ್ ಸಂಬಳದ ದುಡ್ಡಿನದು, ಸ್ವಯಾರ್ಜಿತ, ಅದನ್ನು ಮುಟ್ಟುವಂತಿಲ್ಲ. ಮುಂದಿನ ಸೀಟುಗಳು ಹಿರಿಯನವು, ಚಕ್ರಗಳು ಕಿರಿಯನವು. ಹೀಗೆ ಕಾರಿನೊಳಗೆ ಒಂದು ಅವಿಭಕ್ತ ಕುಟುಂಬವೂ ಮೂರು ಪ್ರತ್ಯೇಕ ಸಂಸಾರಗಳೂ ಒಟ್ಟಿಗಿವೆ. ಒಡಲನ್ನಾದರೂ ಹಂಚೋಣವೆಂದರೆ ಅಂಬಾಸಡರಿಗೆ ಬೇರೆ ಚಾಸಿಯಿಲ್ಲ, ಒಡಲೇ ಚಾಸಿ. ಸಮಪಾಲು ಮಾಡಲು ಗ್ಯಾಸ್ ಕಟರ್ ತರಿಸಬೇಕಾಗುತ್ತದೆ.

ಸಿದ್ಧಾಂತ ಸಿಗುವುದೂ ಮಿತಾಕ್ಷರೆಯಲ್ಲೇ. ಹಂಚಬಾರದ ವಸ್ತುಗಳ ಪಟ್ಟಿಯೊಂದು ಅಲ್ಲಿದೆ: ಉಟ್ಟ ಬಟ್ಟೆ, ಬೇಯಿಸಿದ ಅನ್ನ, ಬಾವಿಯ ನೀರು, ಏರಿ ಓಡಾಡುವ ವಾಹನ. (ಪಟ್ಟಿಯಲ್ಲಿ ಮುಂದೆ ಏನಿದೆ ಎಂಬುದನ್ನು ಮನೆಯ ಹೆಂಗಸರ ಎದುರು ಓದದಿರುವುದು ಕ್ಷೇಮ.) ವಾಹನವನ್ನು ಯಾರು ಏರಿ ಬಳಸುತ್ತಿದ್ದಾರೋ ಅದು ಅವರದೇ. ಕುದುರೆ ಮಾರಿ ಬದುಕುವವರಿಗೆ ಮಾತ್ರ ಹಂಚಿಕೊಳ್ಳಲು ಅಪ್ಪಣೆ. ಅಂದರೆ ಗುಜರಿಯವನು ಬಿಚ್ಚಬಹುದು, ಗೃಹಸ್ಥ ಬಿಚ್ಚುವಂತಿಲ್ಲ. ವಾಹನ ಚಲಿಸುತ್ತಿರಬೇಕು ಎಂಬ ಷರತ್ತು ನನಗೆ ಎಲ್ಲಿಯೂ ಕಾಣಲಿಲ್ಲ, ಏರಿ ಕುಳಿತಿದ್ದರೆ ಸಾಕು.

ಈ ನಿರ್ಣಯವನ್ನು ಓದಿ ಹೇಳಿದಾಗ ಮಕ್ಕಳು ಮೂವರೂ ಕೊಟ್ಟಿಗೆಯಲ್ಲಿದ್ದರು. ಗ್ರಿಲ್ ಬಿಚ್ಚಲು ಬಂದ ಮೇಸ್ತ್ರಿಯೂ ಸ್ಪ್ಯಾನರ್ ಹಿಡಿದು ನಿಂತಿದ್ದ. ಯಜಮಾನರು ಹಿಂದಿನ ಗಾಜು ಇಳಿಸಿ ಅವನನ್ನು ಕರೆದರು. “ಸಂಜೆ ಆರರ ಮೇಲೆ ಅಕ್ಷರ ಕಾಣೋದಿಲ್ಲ. ಇಲ್ಲೊಂದು ಲೈಟ್ ಹಾಕು.” ಮೇಸ್ತ್ರಿ ಮಕ್ಕಳ ಮುಖ ನೋಡಿದ, “ಆಯ್ತು ಮಾಸ್ತರೇ” ಎಂದ, ತಲೆಯ ಮೇಲಿನ ಒಳಹೊದಿಕೆಯನ್ನು ಕೊರೆದು ಎಲ್‌ಇಡಿ ಬಲ್ಬು ಕೂರಿಸಿ ಹೋದ. ದುಡ್ಡು ಪಿಂಚಣಿಯದಾದ್ದರಿಂದ ಬಲ್ಬು ಸ್ವಯಾರ್ಜಿತ. ಬ್ಯಾಟರಿ ಯಾರ ದುಡ್ಡಿನದು ಎಂಬುದು ವಿಚಾರಣೆಯಲ್ಲಿದೆ.