ಕೈ ಖಾಲಿ, ಆಫರ್ ಭರ್ತಿ

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ನಿಂತು ‘ಕೆಲಸ ಇಲ್ಲ’ ಎನ್ನುವವರು ಬಾಯಿಯನ್ನು ಹುಣಸೆಹಣ್ಣು ಹಾಕಿ ತೊಳೆದುಕೊಳ್ಳಬೇಕು. 2025ರ ಫೆಬ್ರವರಿಯ ಎರಡನೇ ವಾರವನ್ನೇ ನೋಡಿ. ಅರಮನೆ ಮೈದಾನದಲ್ಲಿ ಇನ್ವೆಸ್ಟ್ ಕರ್ನಾಟಕ ಸಮಾವೇಶ ನಡೆದು 10.27 ಲಕ್ಷ ಕೋಟಿ ರೂಪಾಯಿ ಬಂಡವಾಳದ ಭರವಸೆ ಸಿಕ್ಕಿತು, 6 ಲಕ್ಷ ಉದ್ಯೋಗದ ಲೆಕ್ಕ ಹೊರಬಿತ್ತು. ಅದೇ ವಾರ ಯಲಹಂಕದ ವಾಯುನೆಲೆಯ ಮೇಲೆ ಏರೋ ಇಂಡಿಯಾದ ವಿಮಾನಗಳು ಲಾಗ ಹಾಕಿದವು. ಇಷ್ಟೊಂದು ಸಂಭ್ರಮದ ನಡುವೆ ಅಧಿಕೃತವಾಗಿ ಕೆಲಸ ಕಳೆದುಕೊಂಡವರೆಂದರೆ ಮಾಂಸದಂಗಡಿಯವರು ಮಾತ್ರ. ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದೆಂದು ವಾಯುನೆಲೆಯ 13 ಕಿ.ಮೀ. ವ್ಯಾಪ್ತಿಯಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ಪಾಲಿಕೆ ಮಾಂಸ ಮಾರಾಟ ನಿಲ್ಲಿಸಿತ್ತು. ಅವರಿಗಾದರೂ ಅಂಗಡಿಯ ಬಾಗಿಲು ಯಾವತ್ತು ತೆರೆಯುತ್ತದೆಂಬುದು ಮೊದಲೇ ಗೊತ್ತಿತ್ತು. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತು ಓಡಿಸುವ ಟರ್ನರ್‌ಗೆ ಅಷ್ಟೂ ಭಾಗ್ಯವಿಲ್ಲ.

ಯಶವಂತಪುರ ದಾಟಿ, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಆಯುಷ್ಯದ ಒಂದು ಪಾಲು ಸವೆಸಿ, ಎಡಕ್ಕೆ ಹೊರಳಿದರೆ ಅವನ ಸೀಮೆ. ಆರು ಲೇತು, ಎರಡು ಮಿಲ್ಲಿಂಗ್ ಮಷಿನ್, ಗೋಡೆಯ ಮೇಲೆ ಗಣಪತಿ, ಮೂಲೆಯಲ್ಲಿ ಕಬ್ಬಿಣದ ಚೂರಿನ ಗುಡ್ಡೆ: ಇಷ್ಟಿದ್ದರೆ ಪೀಣ್ಯದಲ್ಲಿ ಅದು ಒಂದು ಕಂಪನಿ. ಉಕ್ಕಿನ ರಾಡು ಚಕ್‌ನಲ್ಲಿ ತಿರುಗುವಾಗ ಟರ್ನರಣ್ಣನ ಕಣ್ಣು ಇರುವುದು ಹೊರಬೀಳುವ ಚೂರಿನ ಮೇಲೆ. ಸುರುಳಿ ಕಡುನೀಲಿಗೆ ತಿರುಗಿದರೆ ಬಿಸಿ ಹೆಚ್ಚಾಯಿತು, ಟೂಲಿನ ಮೂತಿ ಉಳಿಯುವುದಿಲ್ಲ. ಕಿರ್ರೆಂದರೆ ಜಾಬ್ ನಡುಗುತ್ತಿದೆ. ಕೊನೆಯ ಕಟ್ ಕೊಡುವ ಮುಂಚೆ ಕೂಲಂಟ್ ಬಿಟ್ಟು ಜಾಬ್ ಆರುವುದನ್ನು ಕಾಯುತ್ತಾನೆ. ಯಾಕೆಂದರೆ 50 ಮಿ.ಮೀ. ದಪ್ಪದ ಉಕ್ಕು 20 ಡಿಗ್ರಿ ಬಿಸಿಯೇರಿದರೆ ಸುಮಾರು 11 ಮೈಕ್ರಾನ್ ಉಬ್ಬುತ್ತದೆ. ಡ್ರಾಯಿಂಗಿನಲ್ಲಿ ಕೊಟ್ಟಿರುವ ಸಲಿಗೆಯೇ ಹತ್ತು ಮೈಕ್ರಾನ್, ತಲೆಗೂದಲಿನ ದಪ್ಪದ ಏಳನೇ ಒಂದು ಪಾಲು. ಬಿಸಿಯಲ್ಲಿ ಅಳೆದು ಸರಿ ಎಂದವನ ಪೀಸು ಆರಿದ ಮೇಲೆ ರಿಜೆಕ್ಟ್. ಸಮಾವೇಶದ ಲಕ್ಷ ಕೋಟಿಗಳನ್ನೂ ಆರಿದ ಮೇಲೆಯೇ ಅಳೆಯಬೇಕು ಎನ್ನುವುದು ಅವನ ಅಭಿಪ್ರಾಯ. ಆದರೆ ಸಮಾವೇಶದೊಳಗೆ ಮೈಕ್ರೋಮೀಟರ್ ಬಿಡುವುದಿಲ್ಲವಲ್ಲ.

ಪೀಣ್ಯಕ್ಕೆ ಲೋಡ್, ಅಂದರೆ ಆರ್ಡರ್, ಕಮ್ಮಿಯಾಗುವುದು ಹೊಸತೇನಲ್ಲ. 2016ರ ನವೆಂಬರಿನಲ್ಲಿ ನೋಟು ಹೋಯಿತು, 2017ರ ಜುಲೈನಲ್ಲಿ ಜಿಎಸ್‌ಟಿ ಬಂತು, 2020ರ ಮಾರ್ಚಿನಲ್ಲಿ ಬೀಗವೇ ಬಿತ್ತು. 2021ರ ಡಿಸೆಂಬರಿನಲ್ಲಿ ತುಮಕೂರು ರಸ್ತೆಯ ಫ್ಲೈಓವರಿನ ಕೇಬಲ್ ಕೆಟ್ಟು, ಲಾರಿಗಳು ಎರಡೂವರೆ ವರ್ಷ ಕೆಳಗಿನ ರಸ್ತೆಯಲ್ಲೇ ತೆವಳಿದವು. 2025ರ ಆಗಸ್ಟ್ 27ಕ್ಕೆ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ವಾಷಿಂಗ್‌ಟನ್‌ನಲ್ಲಿ ಸೀನಿದರೆ ಪೀಣ್ಯದಲ್ಲಿ ನೆಗಡಿ. ಓನರ್ ಕೂಡ ಕಳ್ಳನಲ್ಲ ಪಾಪ, ಬಿಲ್ಲಿನ ದುಡ್ಡು ಬರಬೇಕಲ್ಲ. ಸಣ್ಣ ಕೈಗಾರಿಕೆಯ ಬಿಲ್ಲನ್ನು 45 ದಿನದೊಳಗೆ ಪಾವತಿಸಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ದೊಡ್ಡ ಪಾರ್ಟಿಗಳೂ ಕಾಯ್ದೆಯನ್ನು ಗೌರವಿಸುತ್ತವೆ. ದಿನ ಎಣಿಸಲು ಯಾವತ್ತಿನಿಂದ ಶುರು ಮಾಡಬೇಕು ಎಂಬ ಬಗ್ಗೆ ಮಾತ್ರ ಅವುಗಳ ಚಿಂತನೆ ಇನ್ನೂ ನಡೆದಿದೆ.

ಹೀಗಾಗಿ ಮೊದಲು ಓಟಿ ನಿಂತಿತು. ಆಮೇಲೆ ರಾತ್ರಿ ಪಾಳಿ. ಆಮೇಲೆ ವಾರಕ್ಕೆ ಮೂರೇ ದಿನ. ಒಂದು ಸಂಜೆ ಓನರ್ ಕೂರಿಸಿ ಚಹಾ ತರಿಸಿದರು. ಪೀಣ್ಯದಲ್ಲಿ ಓನರ್ ಚಹಾ ತರಿಸಿದರೆ ಮಿಕ್ಕಿದ್ದನ್ನು ಅರ್ಥ ಮಾಡಿಕೊಳ್ಳಬೇಕು. ‘ಲೋಡ್ ಬಂದ ತಕ್ಷಣ ನಿನಗೇ ಮೊದಲ ಫೋನು’ ಎಂದರು. ಜೊತೆಗೆ ಬಿಸ್ಕತ್ತೂ ಇತ್ತಂತೆ.

ಸುದ್ದಿ ಹಬ್ಬಿದ್ದೇ ತಡ, ಆಫರ್‌ಗಳ ಮಳೆ. ಟರ್ನರಣ್ಣನ ಹೆಂಡತಿ ಗಾರ್ಮೆಂಟ್ಸಿನಲ್ಲಿ ಟೈಲರ್, ಗಂಟೆಗೆ ಎಷ್ಟು ಪೀಸು ಎಂಬ ಲೆಕ್ಕದಲ್ಲೇ ಹಗಲು ಕಳೆಯುವವಳು. ಹಳೆಯ ಡ್ರಾಯಿಂಗ್ ಹಾಳೆಯ ಬೆನ್ನಿಗೆ ಗೆರೆ ಎಳೆದು ಕೂತಳು. ಅವಳ ಪ್ರಶ್ನೆ ಒಂದೇ: ‘ಕೈಗೆ ಎಷ್ಟು?’

ಮೊದಲನೆಯದು ಡೆಲಿವರಿ. ಇಲ್ಲಿ ಕಾರ್ಮಿಕ ಎಂಬ ಕೀಳು ಮಾತೇ ಇಲ್ಲ, ಎಲ್ಲರೂ ಪಾಲುದಾರರು. ಬೈಕು ನಿಮ್ಮದು, ಪೆಟ್ರೋಲು ನಿಮ್ಮದು, ಬಿದ್ದರೆ ಮೊಣಕಾಲೂ ನಿಮ್ಮದೇ. ಮಿಕ್ಕಿದ್ದರಲ್ಲಿ ಪಾಲು. ಲೇತಿನಲ್ಲಿ ಪ್ಲಸ್ ಹತ್ತು ಮೈಕ್ರಾನ್, ಮೈನಸ್ ಹತ್ತು ಮೈಕ್ರಾನ್ ಎಂಬ ಸಲಿಗೆಯಿತ್ತು. ಇಲ್ಲಿಯೂ ಹತ್ತೇ, ಆದರೆ ನಿಮಿಷ, ಅದೂ ಬರೀ ಮೈನಸ್. ಆರ್.ಟಿ. ನಗರದ ನಾಲ್ಕನೇ ಮಹಡಿಗೆ ಕೊತ್ತಂಬರಿ ಸೊಪ್ಪು ತಲುಪುವುದು ತಡವಾದರೆ ನಕ್ಷತ್ರ ಕಡಿತ. ಹಾಗೆಂದು ಸರ್ಕಾರ ಸುಮ್ಮನೆ ಕೂತಿಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆಂದೇ ಕಾನೂನು ತಂದು, ಅವರಿಗೆ ಹೋಗುವ ಪ್ರತಿ ಪಾವತಿಯ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕೆಂದಿತು. ಕಲ್ಯಾಣವಾಗುವ ತನಕ ಹೆಲ್ಮೆಟ್ ಹಾಕಿಕೊಂಡಿರುವುದು ಒಳ್ಳೆಯದು. ಬೈಕ್ ಟ್ಯಾಕ್ಸಿ ಓಡಿಸು ಎಂದವರೂ ಇದ್ದರು. 2025ರ ಜೂನ್ 16ರಂದು ಕೋರ್ಟಿನ ಆದೇಶದಂತೆ ಆ ಬೈಕುಗಳೆಲ್ಲ ಒಂದೇ ದಿನಕ್ಕೆ ನಿಂತಿದ್ದನ್ನು ಕಂಡಿದ್ದ ಹೆಂಡತಿ ಆ ಸಾಲನ್ನು ತಾನೇ ಹೊಡೆದುಹಾಕಿದಳು.

ಎರಡನೆಯದು ಹೆಬ್ಬಾಳದ ಕಡೆಯ ಒಂದು ಟೆಕ್ ಪಾರ್ಕಿನ ಸೆಕ್ಯುರಿಟಿ. ಹನ್ನೆರಡು ಗಂಟೆ ನಿಲ್ಲಬೇಕು. ಸಮವಸ್ತ್ರ ಉಚಿತ, ಅದರ ಹಣವನ್ನು ಮೊದಲ ಸಂಬಳದಲ್ಲಿ ಹಿಡಿಯುತ್ತಾರೆ. ಎತ್ತರ ಅಳೆಯಲು ಟೇಪು ಹಿಡಿದಾಗ ಟರ್ನರಣ್ಣ, ‘ಸಾರ್, ಟೇಪಿನ ಕೊಕ್ಕೆ ಸವೆದಿದೆ, ಎರಡು ಮಿಲಿಮೀಟರ್ ಸುಳ್ಳು ಹೇಳುತ್ತೆ’ ಎಂದುಬಿಟ್ಟ. ಸೂಪರ್‌ವೈಸರ್ ತಲೆಯೆತ್ತಿ ನೋಡಿ, ‘ಜಾಸ್ತಿ ತಿಳಿದೋರು ಈ ಕೆಲಸಕ್ಕೆ ಆಗಲ್ಲ’ ಎಂದ. ಆ ಇಡೀ ತಿಂಗಳಿನಲ್ಲಿ ಟರ್ನರಣ್ಣನ ಕೌಶಲವನ್ನು ಗುರುತಿಸಿದ್ದು ಆ ಸೂಪರ್‌ವೈಸರ್ ಒಬ್ಬನೇ.

ಮೂರನೆಯದಕ್ಕೆ ಅವನ ಮುಖ ಅರಳಿತು. ಪೀಣ್ಯ ಎರಡನೇ ಹಂತದಲ್ಲಿ ಹೊಸ ಸಿಎನ್‌ಸಿ ಮಷಿನ್ ಹಾಕಿದ ಶೆಡ್ಡು. ಮಷಿನ್ನಿನ ಮುಂದೆ ಇಪ್ಪತ್ತೊಂದರ ಹುಡುಗ. ಬಟನ್ ಒತ್ತುವುದು ಗೊತ್ತು, ಪ್ರೋಗ್ರಾಂ ಹಾಕುವುದು ಗೊತ್ತು. ಪೀಸು ಮಾತ್ರ ಕೆಟ್ಟು ಕೆಟ್ಟು ಬರುತ್ತಿತ್ತು. ಟರ್ನರಣ್ಣ ಮಷಿನ್ನಿನ ಬಾಗಿಲಿಗೆ ಕಿವಿಯಿಟ್ಟು ಕೇಳಿ, ‘ಟೂಲನ್ನು ಹೋಲ್ಡರಿನಿಂದ ಜಾಸ್ತಿ ಹೊರಗೆ ಬಿಟ್ಟಿದೀಯ, ಒಳಗೆ ತಗೊ’ ಎಂದ. ಮುಂದಿನ ಪೀಸು ಸರಿಯಾಯಿತು. ಮಾಲೀಕರಿಗೆ ಎಷ್ಟು ಖುಷಿಯಾಯಿತೆಂದರೆ ನಿಂತಲ್ಲೇ ಆಫರ್ ಕೊಟ್ಟರು: ಹುದ್ದೆ ಹೆಲ್ಪರ್, ಸಂಬಳವೂ ಹೆಲ್ಪರಿನದೇ. ‘ಕಂಪ್ಯೂಟರ್ ಬರಲ್ವಲ್ಲ ನಿಮಗೆ. ಆದರೆ ನಿಮ್ಮ ಅನುಭವಕ್ಕೆ ನಾವು ತುಂಬಾ ಬೆಲೆ ಕೊಡ್ತೀವಿ. ಹುಡುಗನಿಗೆ ಎಲ್ಲಾ ಹೇಳಿಕೊಡಿ.’ ಆರು ತಿಂಗಳಲ್ಲಿ ಹುಡುಗ ಎಲ್ಲವನ್ನೂ ಕಲಿತರೆ ಹೆಲ್ಪರ್ ಯಾಕೆ ಬೇಕು ಎಂಬುದನ್ನು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಅದಕ್ಕೀಗ ಮೆಂಟರಿಂಗ್ ಎಂದು ಹೆಸರು.

ಕುಶಲಕರ್ಮಿಗೆ ಸರ್ಕಾರದ ಆಸರೆಯಿಲ್ಲ ಎಂದು ಮಾತ್ರ ಹೇಳಬೇಡಿ. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. ತರಬೇತಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ. ಟರ್ನರಣ್ಣ ಸೈಬರ್ ಸೆಂಟರಿಗೆ ಹೋಗಿ 18 ಕಸುಬುಗಳ ಪಟ್ಟಿಯನ್ನು ಕೆಳಗೆ ಮೇಲೆ ಓದಿದ. ದೋಣಿ ಕಟ್ಟುವವರಿದ್ದಾರೆ, ಆಯುಧ ಮಾಡುವವರಿದ್ದಾರೆ, ಬೀಗ ಮಾಡುವವರಿದ್ದಾರೆ, ಮೀನುಬಲೆ ಹೆಣೆಯುವವರಿದ್ದಾರೆ. ಲೇತಿನ ಮುಂದೆ ನಿಲ್ಲುವವರಿಲ್ಲ. ವಿಶ್ವಕರ್ಮನ ಕಾಲದಲ್ಲಿ ತ್ರೀಫೇಸ್ ಕರೆಂಟು ಇರಲಿಲ್ಲವೇನೋ. ಸೈಬರ್ ಸೆಂಟರಿನ ಹುಡುಗ ಕನಿಕರದಿಂದ, ‘ಅಣ್ಣಾ, ಮೀನುಬಲೆ ಅಂತ ಹಾಕಿಬಿಡ್ಲಾ? ಹೆಬ್ಬಾಳ ಕೆರೆ ಹತ್ತಿರದಲ್ಲೇ ಇದೆ’ ಎಂದ.

ದಿನಗೂಲಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಆಫರ್ ಬಂದಿದ್ದು ಸಿನಿಮಾದವರಿಂದ. ಈ ಭಾಗದಲ್ಲಿ ಕಾರ್ಖಾನೆಗೆ ಇನ್ನೊಂದು ಜನ್ಮವಿದೆ. ಎಚ್‌ಎಂಟಿಯನ್ನೇ ನೋಡಿ: 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿ, ಯಂತ್ರ ಮಾಡುವ ಯಂತ್ರಗಳನ್ನು ದೇಶಕ್ಕೆ ಕೊಟ್ಟಿತು. 1961ರಿಂದ ವಾಚು ಕಟ್ಟಿತು. ವಾಚಿನ ಕಂಪನಿ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ಈಗ ಜಾಲಹಳ್ಳಿಯಲ್ಲಿ ಅಚ್ಚುಕಟ್ಟಾದ ಮ್ಯೂಸಿಯಂ ಇದೆ. ಟರ್ನರಣ್ಣ ಐಟಿಐನಲ್ಲಿ ಕೈ ಕಪ್ಪು ಮಾಡಿಕೊಂಡ ಲೇತಿನ ವಂಶದವರನ್ನು ಈಗ ಮಕ್ಕಳು ಟಿಕೆಟ್ ತೆಗೆದುಕೊಂಡು ನೋಡುತ್ತಾರೆ. ಮ್ಯೂಸಿಯಂ ಆಗುವ ಯೋಗವಿಲ್ಲದ ಕಾರ್ಖಾನೆ ಶೂಟಿಂಗ್ ಸ್ಪಾಟ್ ಆಗುತ್ತದೆ. ಅಂಥ ಒಂದು ಪಾಳು ಶೆಡ್ಡಿನಲ್ಲಿ, ಸತ್ತ ಲೇತಿನ ಮುಂದೆ ಕಾರ್ಮಿಕನಾಗಿ ನಿಲ್ಲುವುದು ಟರ್ನರಣ್ಣನ ಪಾತ್ರ. ನಿಂತ. ಅಭ್ಯಾಸಬಲದಿಂದ ತೋಳು ಮಡಚಿದ, ಸಡಿಲ ತೋಳು ಚಕ್‌ಗೆ ಸಿಕ್ಕರೆ ಕೈಯೇ ಹೋಗುತ್ತದೆ. ಸಹ ನಿರ್ದೇಶಕ ಓಡಿಬಂದು, ‘ಇವರು ಕಾರ್ಮಿಕರ ಥರ ಕಾಣ್ತಿಲ್ಲ’ ಎಂದು ಮುಖಕ್ಕೆ ಮಸಿ ಬಳಿದು, ಕೈಗೆ ಸುತ್ತಿಗೆ ಕೊಟ್ಟ. ಲೇತಿನ ಮುಂದೆ ಸುತ್ತಿಗೆ! ಮೂರು ದಿನ ಸುತ್ತಿಗೆ ಹಿಡಿದು ನಿಂತು ಟರ್ನರಣ್ಣ ಸಂಪಾದಿಸಿದ್ದು ಲೋಡ್ ಇದ್ದ ಕಾಲದ ಒಂದು ವಾರದ ಸಂಬಳ. ‘ದಿನಾ ಶೂಟಿಂಗ್ ಇರಲ್ವಾ?’ ಎಂದು ಹೆಂಡತಿ ವಿಚಾರಿಸಿದಳು.

ಹಾಳೆ ಮುಂದಿಟ್ಟುಕೊಂಡು ಗಂಡಹೆಂಡಿರು ತೂಗಿದರು. ಬಾಡಿಗೆ, ಮಗನ ಫೀಸು, ಏರಿಸಿದ ಮೆಟ್ರೋ ದರ ಎಲ್ಲವೂ ಹಾಳೆಯಲ್ಲಿತ್ತು. ಓಡಿದರೆ ದುಡ್ಡಿತ್ತು, ನಿಂತರೆ ದುಡ್ಡಿತ್ತು, ನಟಿಸಿದರೆ ಚೆನ್ನಾಗಿಯೇ ಇತ್ತು. ಕಡೆದರೆ ಮಾತ್ರ ಇರಲಿಲ್ಲ.

ಆಗ ಬಂತು ಕೊನೆಯ ಆಫರ್: ಯಲಹಂಕದ ಕಡೆ ಹೊಸದಾಗಿ ತೆರೆದ ಒಂದು ಕೌಶಲ ತರಬೇತಿ ಕೇಂದ್ರದಲ್ಲಿ ಬೋಧಕನ ಹುದ್ದೆ. ವಿಷಯ, ಟರ್ನರ್! ಟರ್ನರಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ರಿಬ್ಬನ್ ಕತ್ತರಿಸಿದ ಫೋಟೊಗಳು ಗೋಡೆ ತುಂಬ. ಹೊಚ್ಚಹೊಸ ಲೇತು ಪ್ಲಾಸ್ಟಿಕ್ ಹೊದ್ದು ಮಲಗಿತ್ತು, ಕರೆಂಟ್ ಕನೆಕ್ಷನ್ ಮುಂದಿನ ಹಂತದಲ್ಲಂತೆ. ‘ಕೈಗಾರಿಕೆಗೆ ಇವತ್ತು ಕುಶಲ ಕಾರ್ಮಿಕರ ತೀವ್ರ ಅಭಾವವಿದೆ’ ಎಂದು ಮ್ಯಾನೇಜರ್ ಶುರು ಮಾಡಿದರು. ಅಭಾವದ ಪ್ರತಿನಿಧಿ ಎದುರಿನ ಕುರ್ಚಿಯಲ್ಲೇ ಕೂತು ಕೇಳಿದ. ಬ್ಯಾಚಿಗೆ ನಲವತ್ತು ಹುಡುಗರು, ಮೂರು ತಿಂಗಳ ಕೋರ್ಸು, ನೂರಕ್ಕೆ ನೂರು ಪ್ಲೇಸ್‌ಮೆಂಟ್.

ಟರ್ನರಣ್ಣನಿಗೆ ತಡೆಯಲಾಗಲಿಲ್ಲ. ‘ಸಾರ್, ಇಪ್ಪತ್ತು ವರ್ಷ ಕಡೆದ ನನಗೇ ಲೋಡ್ ಇಲ್ಲ. ಮೂರು ತಿಂಗಳು ಕಲಿತ ಹುಡುಗರನ್ನ ಯಾರು ತಗೋತಾರೆ?’

ಮ್ಯಾನೇಜರ್ ನಕ್ಕು, ಅರ್ಜಿ ನಮೂನೆಯನ್ನು ಅವನ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿದರು. ಟರ್ನರ್ ಕೋರ್ಸಿಗೆ ಸೇರಲು ಬೇಕಾದ ಅರ್ಹತೆ: ಎಸ್ಸೆಸ್ಸೆಲ್ಸಿ ಪಾಸು ಅಥವಾ ಫೇಲು, ಸ್ಮಾರ್ಟ್‌ಫೋನು, ಮತ್ತು ಕಡ್ಡಾಯವಾಗಿ, ದ್ವಿಚಕ್ರ ವಾಹನದ ಡ್ರೈವಿಂಗ್ ಲೈಸೆನ್ಸು.